ಮಿನೆಟ್ ಡಿ ಸಿಲ್ವ ಅವರ ವಾಸ್ತುಕೃತಿ: ಒಂದು ವಿಮರ್ಶೆ

೧

ಕವಿ ಗತಿಸಿದ ಮೇಲೆ ಅವನ ಕಾವ್ಯ ಓಲೆಗರಿಯಲ್ಲಾದರೂ ಉಳಿಯುತ್ತದೆ. ಗಾಯಕನ ಹಾಡು ಶಿಷ್ಯರ ಕಂಠದಲ್ಲಿ ಕೆಲಕಾಲವಾದರೂ ಬಾಳುತ್ತದೆ. ವಾಸದ ಮನೆಗಳನ್ನು ಕಟ್ಟಿಸಿಕೊಟ್ಟ ವಾಸ್ತುಶಿಲ್ಪಿಗೆ ಈ ಭಾಗ್ಯವಿಲ್ಲ. ದೇವಾಲಯ, ಅರಮನೆಗಳನ್ನು ಕಟ್ಟಿದವರ ಮಾತು ಬೇರೆ. ಮನೆಯೆಂಬುದು ಮನೆಯೊಡೆಯನ ಇಚ್ಛೆಗೆ, ಮಕ್ಕಳ ಪಾಲುಪಟ್ಟಿಗೆ, ನಿವೇಶನದ ಏರುಬೆಲೆಗೆ ಒಳಪಟ್ಟ ವಸ್ತು. ಒಂದು ತಲೆಮಾರಿನವರು ಹಿಗ್ಗಿನಿಂದ ಕಟ್ಟಿಸಿದ್ದನ್ನು ಮುಂದಿನ ತಲೆಮಾರಿನವರು ಇಕ್ಕಟ್ಟೆಂದು ಕೆಡವಿಸುತ್ತಾರೆ. ಆದಕಾರಣ ಇಂತಹ ಶಿಲ್ಪಿಯ ವಿಮರ್ಶೆಗೆ ತೊಡಗುವವನು ಅನೇಕ ವೇಳೆ ಕೃತಿಯನ್ನು ಬಿಟ್ಟು ಕೃತಿಯ ನಕ್ಷೆಯನ್ನೂ ಛಾಯಾಚಿತ್ರವನ್ನೂ ಎದುರಿಗಿಟ್ಟುಕೊಂಡು ಮಾತನಾಡಬೇಕಾಗುತ್ತದೆ.

ಸಿಂಹಳದ ಕ್ಯಾಂಡಿ ನಗರದ ಮಿನೆಟ್ ಡಿ ಸಿಲ್ವ (೧೯೧೮–೧೯೯೮) ಅವರ ವಿಚಾರದಲ್ಲಿ ಈ ಮಾತು ಕಠೋರವಾಗಿ ನಿಜವಾಗಿದೆ. ಅವರು ಕಟ್ಟಿಸಿದ ಮನೆಗಳಲ್ಲಿ ಹಲವು ನೆಲಸಮವಾಗಿವೆ. ಹಲವು ಗುರುತು ಸಿಗದಷ್ಟು ಮಾರ್ಪಟ್ಟಿವೆ. ಅವರ ಹೆಸರೆತ್ತಿದರೆ ಮೊದಲು ಕೇಳಿಬರುವ ಮಾತು ಒಂದೇ: ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಜ ಸಂಸ್ಥೆಯು ೧೯೪೮ರಲ್ಲಿ ತನ್ನ ಸದಸ್ಯತ್ವಕ್ಕೆ ಆರಿಸಿದ ಏಷ್ಯ ಖಂಡದ ಪ್ರಥಮ ಮಹಿಳೆ ಅವರು. ಆ ಸಂಸ್ಥೆಗೆ ಒಬ್ಬ ಮಹಿಳೆ ಮೊದಲ ಸಲ ಪ್ರವೇಶ ಪಡೆದದ್ದು ೧೮೯೮ರಲ್ಲಿ. ಏಷ್ಯದ ಮಹಿಳೆಗೆ ಅದೇ ಬಾಗಿಲು ತೆರೆಯಲು ಐವತ್ತು ವರ್ಷ ಹಿಡಿಯಿತು. ಸಂಗತಿ ದೊಡ್ಡದೇ, ಆದರೆ ಅದು ಇತಿಹಾಸದ ಮಾತು, ವಿಮರ್ಶೆಯ ಮಾತಲ್ಲ. ‘ಪ್ರಥಮ’ ಎಂಬ ವಿಶೇಷಣ ಒಬ್ಬ ವ್ಯಕ್ತಿಗೆ ಪೀಠವನ್ನೇನೋ ಕೊಡುತ್ತದೆ. ಆದರೆ ಆ ವ್ಯಕ್ತಿ ಮಾಡಿದ್ದೇನು ಎಂಬ ಪ್ರಶ್ನೆಯನ್ನು ಕೇಳದೆ ಇರುವುದಕ್ಕೂ ಅದೇ ನೆಪವಾಗುತ್ತದೆ. ಆ ಪ್ರಶ್ನೆಯನ್ನು ಕೇಳಿದರೆ ಬರುವ ಉತ್ತರ, ತಮ್ಮ ಪ್ರದೇಶದಿಂದ ದೂರ ನಿಂತು ಆ ಪ್ರದೇಶದ ನುಡಿಯನ್ನೂ ನಡೆಯನ್ನೂ ಉಳಿಸಿಕೊಳ್ಳಲು ಹವಣಿಸುವ ಜನಕ್ಕೆ ವಿಶೇಷವಾಗಿ ಪ್ರಸ್ತುತವಾದದ್ದು. ಏಕೆಂದರೆ ಮಿನೆಟ್ ಅವರ ಕೃತಿಯ ತಿರುಳೇ ‘ಪ್ರಾದೇಶಿಕತೆ ಎಂದರೇನು’ ಎಂಬ ಜಿಜ್ಞಾಸೆ.

೨

ಅವರ ತಂದೆ ಜಾರ್ಜ್ ಡಿ ಸಿಲ್ವ ಸಿಂಹಳೀಯ ಬೌದ್ಧರು, ವಕೀಲರು, ಸಿಲೋನ್ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ಮುಂದೆ ಮಂತ್ರಿಗಳಾದವರು. ತಾಯಿ ಆಗ್ನೆಸ್ ನೆಲ್ ಬರ್ಗರ್ ಕ್ರೈಸ್ತ ಮನೆತನದವರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರಲ್ಲಿ ಅಗ್ರಗಣ್ಯರು. ಸಿಂಹಳದಲ್ಲಿ ಸ್ತ್ರೀಪುರುಷರೆಲ್ಲರಿಗೂ ಮತದಾನದ ಹಕ್ಕು ದೊರೆತದ್ದು ೧೯೩೧ರಲ್ಲಿ. ಫ್ರಾನ್ಸಿನ ಮಹಿಳೆಯರಿಗೆ ಅದು ದೊರೆತದ್ದು ೧೯೪೪ರಲ್ಲಿ ಎಂಬುದನ್ನು ನೆನೆದರೆ ಆ ಹೋರಾಟದ ಹಿರಿಮೆ ತಿಳಿಯುತ್ತದೆ. ಎರಡು ಮತ, ಎರಡು ಜನಾಂಗಗಳ ಈ ದಾಂಪತ್ಯದ ಮನೆಯಲ್ಲಿ ಬೆಳೆದ ಹುಡುಗಿಗೆ ‘ನಮ್ಮದು’ ಎಂಬ ಮಾತು ಎಂದೂ ಒಂದೇ ಕವಲಿನದಾಗಿರಲಿಲ್ಲ. ಜೊತೆಗೆ, ಕ್ಯಾಂಡಿಯ ಕುಶಲಕಲೆಗಳನ್ನು ಕುರಿತು ೧೯೦೮ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಆನಂದ ಕುಮಾರಸ್ವಾಮಿಯವರ ವಿಚಾರಗಳ ಗಾಳಿ ಆ ಮನೆತನದ ಸುತ್ತ ಬೀಸುತ್ತಿತ್ತು.

ಆಗ ಸಿಂಹಳದಲ್ಲಿ ವಾಸ್ತುಶಿಲ್ಪದ ಶಿಕ್ಷಣಕ್ಕೆ ಅನುಕೂಲವಿರಲಿಲ್ಲ. ೧೯೩೮ರಲ್ಲಿ ಮಿನೆಟ್ ಮುಂಬಯಿಗೆ ಬಂದರು. ಮಿಸ್ತ್ರಿ ಮತ್ತು ಭೇಡ್ವಾರ್ ಎಂಬ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಉಮೇದುವಾರರಾಗಿ ಸೇರಿದರು. ಭಾರತದಲ್ಲಿ ವಾಸ್ತುಶಿಲ್ಪದ ಪದವಿ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರಾದ ಪೆರಿನ್ ಮಿಸ್ತ್ರಿಯವರು ಕೆಲಸ ಮಾಡುತ್ತಿದ್ದ ಕಚೇರಿಯೂ ಅದೇ. ಈ ವೃತ್ತಿಯಲ್ಲಿ ಹೆಣ್ಣು ನಿಲ್ಲಬಲ್ಲಳೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿರಲಿಲ್ಲ. ಅನಂತರ ಸರ್ ಜೆ. ಜೆ. ಕಲಾಶಾಲೆಗೆ ಸೇರಿದರು. ೧೯೪೨ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ನಡೆದ ಮೆರವಣಿಗೆಯಲ್ಲಿ ಸೇರಿದ್ದಕ್ಕಾಗಿ ಕ್ಷಮಾಪಣೆ ಬರೆದುಕೊಡಬೇಕೆಂದು ಆಜ್ಞೆಯಾಯಿತು. ಅವರು ಬರೆದುಕೊಡಲಿಲ್ಲ, ಶಾಲೆಯಿಂದ ಹೊರಬಿದ್ದರು. ಪರದೇಶದ ವಿದ್ಯಾರ್ಥಿನಿಗೆ ಆ ಚಳವಳಿಯಲ್ಲಿ ಪ್ರತ್ಯಕ್ಷವಾದ ಸ್ವಾರ್ಥವೇನೂ ಇರಲಿಲ್ಲ. ತನ್ನ ನಾಡಲ್ಲದ ನಾಡಿನ ಸ್ವಾತಂತ್ರ್ಯಕ್ಕಾಗಿ ಪದವಿಯನ್ನು ಬಿಟ್ಟುಕೊಟ್ಟ ಈ ಪ್ರಸಂಗವನ್ನು ಅವರ ಪ್ರಾದೇಶಿಕತೆಯ ಬಗೆಯನ್ನು ತಿಳಿಯಬಯಸುವವರು ಮರೆಯಲಾಗದು.

ಅಲ್ಲಿಂದ ಅವರ ದಾರಿ ಬೆಂಗಳೂರಿಗೆ ಹೊರಳಿತು. ನಾತ್ಸಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಆಟೋ ಕೋನಿಗ್ಸ್‌ಬರ್ಗರ್, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತಕಾಲದಲ್ಲಿ, ೧೯೩೯ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ಕಟ್ಟಿಸಿದ ಕಟ್ಟಡಗಳನ್ನು ನೋಡಿದವರಿಗೆ ಅವರ ಕ್ರಮ ತಿಳಿದಿರುತ್ತದೆ: ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ಗಾಳಿಗೆ ದಾರಿ ಎಲ್ಲಿ ಎಂಬುದನ್ನು ಮೊದಲು ವಿಚಾರಿಸಿ, ಅಂದಚೆಂದವನ್ನು ಅನಂತರ ಗಮನಿಸುವ ಕ್ರಮ ಅದು. ಅವರ ಕೈಕೆಳಗೆ ಮಿನೆಟ್ ಟಾಟಾ ಉಕ್ಕಿನ ನಗರವಾದ ಜಮ್‌ಷೆಡ್‌ಪುರದ ಯೋಜನೆಯ ಕೆಲಸದಲ್ಲಿ ಪಾಲ್ಗೊಂಡರು. ಉಷ್ಣವಲಯದ ಮನೆಯ ಸಮಸ್ಯೆ ಅಲಂಕಾರದ ಸಮಸ್ಯೆಗಿಂತ ಮೊದಲು ಹವಾಮಾನದ ಸಮಸ್ಯೆ, ಸಾಮಾನ್ಯ ಜನರ ವಸತಿಯ ಸಮಸ್ಯೆ ಎಂಬ ಪಾಠ ಅವರಿಗೆ ದೊರೆತದ್ದು ಬೆಂಗಳೂರಿನಲ್ಲಿ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಒಂದು ಶಾಸ್ತ್ರವನ್ನಾಗಿ ಬೋಧಿಸಿ ಪ್ರಖ್ಯಾತರಾದ ಕೋನಿಗ್ಸ್‌ಬರ್ಗರ್ ಆ ಶಾಸ್ತ್ರದ ಓನಾಮವನ್ನು ಕಲಿತದ್ದೂ ಮೈಸೂರು ಸೀಮೆಯ ಬಿಸಿಲಿನಲ್ಲೇ. ಕರ್ಣಾಟಕದ ಆಧುನಿಕ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆಯುವವರು ಗುರುವಿನ ಜೊತೆಗೆ ಈ ಶಿಷ್ಯೆಯನ್ನೂ ಗಣನೆಗೆ ತಂದುಕೊಳ್ಳುವುದು ಉಚಿತ.

೩

೧೯೪೬ರಲ್ಲಿ ಮುಂಬಯಿಯಲ್ಲಿ ‘ಮಾರ್ಗ್’ ಪತ್ರಿಕೆ ಆರಂಭವಾಯಿತು. ಮುಲ್ಕ್ ರಾಜ್ ಆನಂದರ ಜೊತೆಗೆ ಅದರ ಸ್ಥಾಪನೆಯಲ್ಲಿ ಕೈಗೂಡಿಸಿದವರಲ್ಲಿ ಮಿನೆಟ್ ಅವರೂ, ಇಪ್ಟಾ ಎಂದು ಹೆಸರಾದ ಜನನಾಟ್ಯ ಸಂಘದ ಮೊದಲ ಪ್ರಧಾನ ಕಾರ್ಯದರ್ಶಿಯಾಗಿದ್ದ ಅವರ ಅಕ್ಕ ಅನಿಲ್ ಡಿ ಸಿಲ್ವ ಅವರೂ ಇದ್ದರು. ‘ಮಾರ್ಗ್’ ಎಂಬುದು ‘ಆಧುನಿಕ ವಾಸ್ತು ಸಂಶೋಧನ ಸಂಘ’ ಎಂಬರ್ಥದ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳಿಂದಾದ ಪದ; ಸಂಸ್ಕೃತದ ‘ಮಾರ್ಗ’ವೂ ಅದರಲ್ಲಿ ಧ್ವನಿಸುತ್ತದೆ. ಮಾರ್ಗ, ದೇಸಿ ಎಂಬ ಎರಡು ದಾರಿಗಳ ಚರ್ಚೆ ಕನ್ನಡ ಸಾಹಿತ್ಯದಲ್ಲಿ ಸಾವಿರ ವರ್ಷಗಳಷ್ಟು ಹಳೆಯದು. ಮಿನೆಟ್ ಅವರ ಮುಂದೆ ಇದ್ದದ್ದೂ ವಸ್ತುತಃ ಅದೇ ಸಮಸ್ಯೆ: ಯುರೋಪಿನಿಂದ ಬಂದ ಕಾಂಕ್ರೀಟು, ಉಕ್ಕು, ಗಾಜುಗಳ ಹೊಸ ಮಾರ್ಗವನ್ನು ಸಿಂಹಳದ ದೇಸಿಯೊಡನೆ ಹೊಂದಿಸುವುದು ಹೇಗೆ?

೧೯೪೫ರಲ್ಲಿ ಇಂಗ್ಲೆಂಡಿಗೆ ತೆರಳಿ ಅವರು ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ವ್ಯಾಸಂಗ ಮುಗಿಸಿದರು. ೧೯೪೭ರಲ್ಲಿ ಬ್ರಿಜ್‌ವಾಟರಿನಲ್ಲಿ ಸೇರಿದ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾಗವಹಿಸಿದರು. ಲೆ ಕಾರ್ಬುಸಿಯೆ ಅವರ ಪರಿಚಯ ಬೆಳೆದು ದೀರ್ಘಕಾಲದ ಪತ್ರವ್ಯವಹಾರವಾಯಿತು. ೧೯೪೮ರಲ್ಲಿ ಪೋಲೆಂಡಿನ ವ್ರೋತ್ಸ್‌ವಾಫ್ ನಗರದಲ್ಲಿ ನಡೆದ ಬುದ್ಧಿಜೀವಿಗಳ ಮಹಾಸಭೆಯಲ್ಲಿ ಪಿಕಾಸೊ ಜೊತೆ ತೆಗೆದ ಛಾಯಾಚಿತ್ರದಲ್ಲಿ ಸೀರೆಯುಟ್ಟ ಈ ತರುಣಿ ಕಾಣುತ್ತಾರೆ. ಅಂತಹ ಪರಿಚಯಗಳುಳ್ಳವರಿಗೆ ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ನಿಲ್ಲುವುದು ಸುಲಭವಾಗಿತ್ತು. ಸ್ವತಂತ್ರವಾದ ನಾಡಿಗೆ ಮಗಳು ಮರಳಬೇಕೆಂಬುದು ತಂದೆಯ ಇಷ್ಟ. ಮರಳಿದ ಮಿನೆಟ್ ರಾಜಧಾನಿ ಕೊಲಂಬೊವನ್ನು ಬಿಟ್ಟು, ಕ್ಯಾಂಡಿಯ ತಮ್ಮ ಮನೆತನದ ‘ಸೇಂಟ್ ಜಾರ್ಜಸ್’ ಎಂಬ ಮನೆಯಲ್ಲೇ ಕಚೇರಿ ತೆರೆದರು.

೪

ಅವರ ಮೊದಲ ಕೃತಿ ಕ್ಯಾಂಡಿಯ ಬೆಟ್ಟದ ಇಳಿಜಾರಿನಲ್ಲಿ ೧೯೪೯ರಿಂದ ೧೯೫೧ರವರೆಗೆ ಕಟ್ಟಿದ ಕರುಣಾರತ್ನ ಅವರ ಮನೆ. ಇದನ್ನು ಕುರಿತು ಅವರು ೧೯೫೩ರಲ್ಲಿ ‘ಮಾರ್ಗ್’ನಲ್ಲಿ ಲೇಖನವನ್ನೂ ಬರೆದರು. ಇಳಿಜಾರನ್ನು ಕಡಿದು ಸಮಮಾಡುವುದಕ್ಕೆ ಬದಲಾಗಿ, ಭೂಮಿ ಇದ್ದಂತೆಯೇ ಮನೆ ಹಂತಹಂತವಾಗಿ ಇಳಿಯುವಂತೆ ನಕ್ಷೆ ಮಾಡಿದರು. ಒಳಗೆ ಕಾಂಕ್ರೀಟು, ಗಾಜು ಮೊದಲಾದ ಹೊಸ ಸಾಮಗ್ರಿಗಳ ಪಕ್ಕದಲ್ಲಿ ಕ್ಯಾಂಡಿ ಸೀಮೆಯ ಕುಶಲಕರ್ಮಿಗಳ ಕೆಲಸಕ್ಕೆ ಸ್ಥಾನ ದೊರೆಯಿತು. ದುಂಬರದ ನೇಕಾರರ ಚಾಪೆ, ಮರದ ಮೇಲಿನ ಅರಗಿನ ಬಣ್ಣದ ಕೆಲಸ, ಸುಟ್ಟ ಮಣ್ಣಿನ ಬಿಲ್ಲೆ ಇವೆಲ್ಲ ಅವರ ಮನೆಗಳಲ್ಲಿ ಬರತೊಡಗಿದವು. ಕರುಣಾರತ್ನ ಅವರ ಮನೆಯ ಗೋಡೆಗೆ ಚಿತ್ರ ಬರೆದವರು ಸಿಂಹಳದ ಶ್ರೇಷ್ಠ ಚಿತ್ರಕಾರ ಜಾರ್ಜ್ ಕೀಟ್.

ಈ ಮನೆಯ ಹೊಗಳಿಕೆ ಸಾಕಷ್ಟು ನಡೆದಿದೆ; ಅದರ ಕೊರತೆಯನ್ನೂ ಹೇಳುವುದು ಅವರಿಗೆ ಸಲ್ಲಿಸುವ ಗೌರವವೇ. ಚಾಪೆ, ಅರಗು, ಮಣ್ಣಿನ ಬಿಲ್ಲೆಗಳು ಇಲ್ಲಿ ಬಹುಮಟ್ಟಿಗೆ ಕಟ್ಟಡದ ಮೈಮೇಲಿನ ಆಭರಣಗಳು. ಅವನ್ನು ತೆಗೆದಿಟ್ಟರೂ ಮನೆ ನಿಲ್ಲುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣವನ್ನು ಮೆಟ್ಟಿಲ ಕಟಕಟೆಗೆ ಬಳಿಸಿದ ಮಾತ್ರದಿಂದ ಒಂದು ಮನೆ ಕನ್ನಡದ ಮನೆಯಾಗುವುದಿಲ್ಲವಷ್ಟೆ. ಪ್ರಾದೇಶಿಕತೆಯನ್ನು ಕುಶಲಕಲೆಯ ತುಣುಕುಗಳಲ್ಲಿ ಗುರುತಿಸುವುದು ಸುಲಭವಾದ ದಾರಿ. ಆ ದಾರಿ ಕಡೆಗೆ ಪ್ರವಾಸಿಗಳಿಗಾಗಿ ಸಿಂಗರಿಸಿದ ಹೋಟೆಲಿನ ಮೊಗಸಾಲೆಗೆ ಹೋಗಿ ಮುಟ್ಟುತ್ತದೆ. ಈ ಅಪಾಯ ಮಿನೆಟ್ ಅವರ ಮೊದಲ ಕೃತಿಯಲ್ಲಿಯೇ ಬೀಜರೂಪದಲ್ಲಿ ಇದೆಯೆಂಬುದನ್ನು ಒಪ್ಪಬೇಕು.

ಆದರೆ ಇನ್ನೊಂದು ಮುಖವೂ ಉಂಟು. ಆಭರಣವೆಂದು ಕಾಣುವ ಆ ಚಾಪೆಯ ಹಿಂದೆ ಅದನ್ನು ನೇಯುವ ಒಬ್ಬ ನೇಕಾರನಿದ್ದಾನೆ. ಕಾರ್ಖಾನೆಯ ಸರಕಿನ ಎದುರಿಗೆ ಅವನ ಮಗ್ಗ ನಿಲ್ಲುವ ಸ್ಥಿತಿಯಲ್ಲಿತ್ತು. ಕಟ್ಟಡದ ಖರ್ಚಿನ ಒಂದು ಪಾಲು ಅವನ ಕೈ ಸೇರುವಂತೆ ಮಾಡುವುದು ಕೇವಲ ಸೌಂದರ್ಯದ ವಿಚಾರವಲ್ಲ, ಅರ್ಥವ್ಯವಸ್ಥೆಯ ವಿಚಾರ. ಕುಮಾರಸ್ವಾಮಿಯವರು ಗ್ರಂಥದಲ್ಲಿ ಅಳಿವಿನ ಅಂಚಿನ ಕಲೆಗಳಿಗಾಗಿ ಮರುಗಿದ್ದರು. ಮಿನೆಟ್ ಆ ಕಲೆಗಳಿಗೆ ಕೆಲಸ ಕೊಟ್ಟರು. ಈ ಎರಡರ ನಡುವಣ ಅಂತರವನ್ನು ವಿಮರ್ಶಕನು ಮರೆಯಬಾರದು.

೫

ಕೊಲಂಬೊದ ಪೀರಿಸ್ ಅವರ ಮನೆಗೆ (೧೯೫೨–೫೬) ಬಂದರೆ ಆಭರಣದ ಹಂತವನ್ನು ಅವರು ದಾಟಿದ್ದು ತಿಳಿಯುತ್ತದೆ. ಇಲ್ಲಿ ಪ್ರಾದೇಶಿಕತೆ ಗೋಡೆಯ ಮೇಲಿಂದ ಇಳಿದು ನಕ್ಷೆಯೊಳಕ್ಕೆ ಸೇರಿದೆ. ಮನೆಯನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗಿನ ನೆಲವನ್ನು ಗಾಳಿಗೂ ತೋಟಕ್ಕೂ ಬಿಟ್ಟುಕೊಟ್ಟದ್ದು ಲೆ ಕಾರ್ಬುಸಿಯೆ ಅವರಿಂದ ಕಲಿತ ಪಾಠ. ಮನೆಯೊಳಗೆ ಆಕಾಶಕ್ಕೆ ತೆರೆದ ಅಂಗಳವನ್ನು ಇರಿಸಿದ್ದು ಹಳೆಯ ಸಿಂಹಳದ ಮನೆಗಳಿಂದ ಪಡೆದ ಪಾಠ. ಆ ಅಂಗಳಕ್ಕೆ ಸಿಂಹಳ ಭಾಷೆಯಲ್ಲಿ ‘ಮಿದುಲ’ ಎಂದು ಹೆಸರು.

ಕನ್ನಡಿಗರಿಗೆ ಇದರ ಪರಿಚಯ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಹಳೆಯ ಮೈಸೂರಿನ ತೊಟ್ಟಿಯ ಮನೆಯನ್ನು ಕಂಡವರಿಗೆ ಮಿದುಲವೂ ತಿಳಿದಂತೆಯೇ. ನಡುಮನೆಯ ಮೇಲೆ ಸೂರಿಲ್ಲದ ಚೌಕ. ಅಲ್ಲಿ ಬೀಳುವ ಬೆಳಕು, ಸುರಿಯುವ ಮಳೆ. ಸುತ್ತಣ ಜಗಲಿಯ ಮೇಲೆ ಹಪ್ಪಳ ಒಣಗಿಸುವ ಹೆಂಗಸರು, ಆಡುವ ಮಕ್ಕಳು, ಕಂಬಕ್ಕೊರಗಿ ಕುಳಿತ ಹಿರಿಯರು. ತೊಟ್ಟಿ ಬರಿಯ ಗಾಳಿಬೆಳಕಿನ ಸಾಧನವಲ್ಲ, ಒಂದು ಬಾಳಿನ ಕ್ರಮ. ಹೊರಗೆ ಬಾರದೆಯೇ ಆಕಾಶವನ್ನು ಕಾಣುವ, ಒಬ್ಬರನ್ನೊಬ್ಬರು ಕರೆಯದೆಯೇ ಎಲ್ಲರೂ ಕೂಡಿರುವ ಏರ್ಪಾಡು ಅದು. ವಿದೇಶೀಯರು ತಂದ ಬಂಗಲೆಯ ಮಾದರಿ ಈ ಕ್ರಮವನ್ನು ಹೊರಗುಮುಖ ಮಾಡಿಬಿಟ್ಟಿತ್ತು: ಮನೆ ನಡುವೆ, ತೋಟ ಸುತ್ತ. ನಗರದ ನಿವೇಶನಗಳು ಕಿರಿದಾದಂತೆ ಆ ಸುತ್ತಣ ತೋಟ ಒಂದು ಇಕ್ಕಟ್ಟಾದ ಓಣಿಯಾಗಿ, ನೆರೆಮನೆಯ ಕಿಟಕಿಗೆ ಈ ಮನೆಯ ಕಿಟಕಿ ಎದುರಾಯಿತು. ಅಂಗಳವನ್ನು ಮತ್ತೆ ಮನೆಯ ಒಡಲಿಗೆ ತಂದರೆ ಸಣ್ಣ ನಿವೇಶನದಲ್ಲಿಯೂ ಬೆಳಕು, ಗಾಳಿ, ಏಕಾಂತ ಮೂರೂ ದೊರೆಯುತ್ತವೆ. ಹಳೆಯ ರೂಪ ಹೊಸ ನಗರದ ಸಮಸ್ಯೆಗೆ ಪರಿಹಾರವಾಗಿ ಬರುತ್ತದೆ. ನೆನಪಿನ ಕಾಣಿಕೆಯಾಗಿ ಅಲ್ಲ. ಸಂಪ್ರದಾಯವನ್ನು ಸ್ವೀಕರಿಸುವ ಸರಿಯಾದ ಬಗೆ ಇದೆಂದು ಹೇಳಬಹುದು: ಹಳೆಯದೆಂಬ ಕಾರಣಕ್ಕಾಗಿ ಅಲ್ಲ, ಇಂದಿಗೂ ದುಡಿಯಬಲ್ಲದೆಂಬ ಕಾರಣಕ್ಕಾಗಿ.

ತಮ್ಮ ಈ ಕ್ರಮಕ್ಕೆ ಅವರು ೧೯೫೦ರ ಸುಮಾರಿನಲ್ಲಿಯೇ ‘ಆಧುನಿಕ ಪ್ರಾದೇಶಿಕ ವಾಸ್ತುಶಿಲ್ಪ’ ಎಂದು ಹೆಸರಿಟ್ಟಿದ್ದರು. ಪಾಶ್ಚಾತ್ಯ ವಿದ್ವಾಂಸರಾದ ಜೋನಿಸ್ ಮತ್ತು ಲೆಫೇವ್ರ್ ೧೯೮೧ರಲ್ಲಿಯೂ, ಕೆನೆತ್ ಫ್ರಾಂಪ್ಟನ್ ೧೯೮೩ರಲ್ಲಿಯೂ ‘ವಿಮರ್ಶಾತ್ಮಕ ಪ್ರಾದೇಶಿಕತೆ’ ಎಂಬ ತತ್ತ್ವವನ್ನು ಪ್ರತಿಪಾದಿಸಿ ವಿದ್ವಲ್ಲೋಕದ ಗಮನವನ್ನು ಸೆಳೆದರು. ಅದಕ್ಕೆ ಮೂವತ್ತು ವರ್ಷ ಮೊದಲೇ ಕ್ಯಾಂಡಿಯ ಮನೆಯೊಂದರಲ್ಲಿ ಕುಳಿತು ಒಬ್ಬ ಮಹಿಳೆ ಅದೇ ದಿಕ್ಕಿನಲ್ಲಿ ಚಿಂತಿಸಿ, ಚಿಂತಿಸಿದ್ದನ್ನು ಕಟ್ಟಿಯೂ ತೋರಿಸಿದ್ದರು. ತತ್ತ್ವ ಮೊದಲು ಹುಟ್ಟಿದ ಊರು ಒಂದು, ಅದಕ್ಕೆ ಮನ್ನಣೆ ದೊರೆತ ಊರು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

೬

ಆದರೂ ಮಿನೆಟ್ ಅವರ ಕೃತಿಶ್ರೇಣಿಯಲ್ಲಿ ಶಿಖರವೆನ್ನಬೇಕಾದದ್ದು ಯಾವ ಶ್ರೀಮಂತರ ಮನೆಯೂ ಅಲ್ಲ. ಕ್ಯಾಂಡಿಯ ಹೊರವಲಯದ ವಟಪುಲುವದಲ್ಲಿ ಸರ್ಕಾರಿ ನೌಕರರಿಗಾಗಿ ೧೯೫೦ರ ದಶಕದ ಉತ್ತರಾರ್ಧದಲ್ಲಿ ಮಾಡಿದ ವಸತಿ ಯೋಜನೆ. ಸುಮಾರು ೨೫೦ ಮನೆಗಳ ಬಡಾವಣೆ ಅದು. ಇಂತಹ ಕಾರ್ಯದಲ್ಲಿ ರೂಢಿಯ ಕ್ರಮ ಎಲ್ಲರಿಗೂ ತಿಳಿದದ್ದೇ: ಒಂದು ಮಾದರಿಯನ್ನು ಮಾಡಿ ಅದನ್ನೇ ಇನ್ನೂರೈವತ್ತು ಸಲ ಸಾಲಾಗಿ ನಿಲ್ಲಿಸುವುದು. ಮಿನೆಟ್ ಹಾಗೆ ಮಾಡಲಿಲ್ಲ. ಮನೆಯಲ್ಲಿ ವಾಸಮಾಡಲಿರುವವರಿಗೆ ಮೊದಲು ಪ್ರಶ್ನಾವಳಿಗಳನ್ನು ಕೊಟ್ಟು, ಅವರನ್ನು ಸಭೆ ಸೇರಿಸಿ, ಅವರ ವರಮಾನವೇನು, ಸಂಸಾರವೆಷ್ಟು ದೊಡ್ಡದು, ಬೇಕುಬೇಡಗಳೇನು ಎಂಬುದನ್ನು ಕೇಳಿ ತಿಳಿದರು. ಬಂದ ಉತ್ತರಗಳ ಆಧಾರದ ಮೇಲೆ ಹಲವು ಮಾದರಿಗಳನ್ನು ರಚಿಸಿ, ಅವನ್ನು ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಟ್ಟರು. ಬೆಟ್ಟದ ಏರಿಳಿತವನ್ನೂ ಅಲ್ಲಿದ್ದ ಮರಗಳನ್ನೂ ಆದಷ್ಟು ಉಳಿಸಿಕೊಂಡರು. ನಿವಾಸಿಗಳ ಸಹಭಾಗಿತ್ವ ಎಂಬ ಮಾತು ಯೋಜಕರ ಬಾಯಲ್ಲಿ ರೂಢಿಯಾದದ್ದು ಬಹಳ ವರ್ಷಗಳ ಅನಂತರ.

ಈ ಕಾರ್ಯದ ಅರ್ಥ ಪೂರ್ತಿಯಾಗಿ ತಿಳಿಯಬೇಕಾದರೆ ಅದು ನಡೆದ ಕಾಲವನ್ನು ನೆನೆಯಬೇಕು. ೧೯೫೬ರಲ್ಲಿ ಸಿಂಹಳ ಭಾಷೆಯೊಂದನ್ನೇ ರಾಜ್ಯಭಾಷೆಯನ್ನಾಗಿ ಮಾಡಿದ ಶಾಸನ ಬಂದಿತು. ೧೯೫೮ರಲ್ಲಿ ತಮಿಳರ ಮೇಲೆ ಭೀಕರವಾದ ಗಲಭೆಗಳು ನಡೆದವು. ‘ಪ್ರದೇಶ’, ‘ನಾಡು’, ‘ನಮ್ಮ ಪರಂಪರೆ’ ಎಂಬ ಮಾತುಗಳು ಅಲ್ಲಿ ಕತ್ತಿಯ ಮೊನೆಯಾಗುತ್ತಿದ್ದ ಸಮಯದಲ್ಲಿ, ಅದೇ ಮಾತುಗಳನ್ನು ನೆಚ್ಚಿಕೊಂಡಿದ್ದ ವಾಸ್ತುಶಿಲ್ಪಿ ಬೇರೆಬೇರೆ ಮತ, ಜನಾಂಗಗಳ ಕುಟುಂಬಗಳು ಅಕ್ಕಪಕ್ಕದಲ್ಲಿ ಬಾಳುವ ಬಡಾವಣೆಯನ್ನು ರೂಪಿಸುತ್ತಿದ್ದರು. ಅವರ ಪ್ರಾದೇಶಿಕತೆಗೂ ಅಂದಿನ ರಾಜಕೀಯದ ಪ್ರಾದೇಶಿಕತೆಗೂ ಇದ್ದ ವ್ಯತ್ಯಾಸ ಇಲ್ಲಿ ನಿಚ್ಚಳವಾಗುತ್ತದೆ. ರಾಜಕಾರಣಿಗೆ ಪ್ರದೇಶವೆಂದರೆ ರಕ್ತ ಮತ್ತು ಗಡಿ. ಮಿನೆಟ್ ಅವರಿಗೆ ಪ್ರದೇಶವೆಂದರೆ ಮಳೆ, ಬಿಸಿಲು, ಬೆಟ್ಟದ ಇಳಿಜಾರು, ಅಲ್ಲಿನ ಕುಶಲಕರ್ಮಿಯ ಕೈ, ಮತ್ತು ಅಲ್ಲಿ ವಾಸಮಾಡುವವರೆಲ್ಲರ ಬಾಳು. ಮೊದಲನೆಯದರಲ್ಲಿ ಹೊರಗಿನಿಂದ ಬಂದವನಿಗೆ ಎಡೆಯಿಲ್ಲ. ಎರಡನೆಯದರಲ್ಲಿ ಮಳೆ ಯಾರ ಮಾಡಿನ ಮೇಲೆ ಸುರಿಯುತ್ತದೆಯೋ ಅವರೆಲ್ಲರೂ ಆ ಪ್ರದೇಶದವರೇ. ಪರರಾಜ್ಯದ ನಗರಗಳಲ್ಲಿ ಮನೆಮಾಡಿ, ಒಳಗೆ ಒಂದು ನುಡಿ, ಹೊರಗೆ ಇನ್ನೊಂದು ನುಡಿ ಆಡುತ್ತ ಬಾಳುವವರಿಗೆ ಈ ವಿವೇಚನೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

೭

೧೯೬೦ರ ಅನಂತರ ಅವರ ಕೆಲಸ ಕುಗ್ಗಿತು. ೧೯೬೨ರಲ್ಲಿ ತಾಯಿ ತೀರಿಕೊಂಡ ದುಃಖ ದೀರ್ಘಕಾಲ ಅವರನ್ನು ಬಾಧಿಸಿತು. ಹೆಂಗಸಿನ ನಕ್ಷೆಯನ್ನು ಕಂಟ್ರಾಕ್ಟರುಗಳು, ಅಧಿಕಾರಿಗಳು ಲಘುವಾಗಿ ಕಾಣುತ್ತಿದ್ದ ಕಾಲ ಅದು. ಅದರ ವಿರುದ್ಧ ದಿನದಿನವೂ ನಡೆಸಬೇಕಾಗಿದ್ದ ಜಗ್ಗಾಟ ಶಕ್ತಿಯನ್ನು ಹೀರಿತು. ಇದೇ ವೇಳೆಗೆ ಕೊಲಂಬೊದಲ್ಲಿ ಇನ್ನೊಬ್ಬ ಶಿಲ್ಪಿಯ ಉದಯವಾಯಿತು. ವಕೀಲಿಯನ್ನು ಬಿಟ್ಟು ೧೯೫೭ರಲ್ಲಿ ವಾಸ್ತುಶಿಲ್ಪದ ಅರ್ಹತೆ ಪಡೆದ ಜೆಫ್ರಿ ಬಾವ ಮುಂದೆ ವಿಶ್ವವಿಖ್ಯಾತರಾದರು. ೧೯೫೮ರಲ್ಲಿ ಮಿನೆಟ್ ಅವರ ಜೊತೆ ಕೆಲಸ ಮಾಡಲೆಂದು ಡೆನ್ಮಾರ್ಕಿನಿಂದ ಬಂದ ಉಲ್ರಿಕ್ ಪ್ಲೆಸ್ನರ್ ಸ್ವಲ್ಪಕಾಲದಲ್ಲಿಯೇ ಬಾವ ಅವರ ಕಚೇರಿಯನ್ನು ಸೇರಿದರು. ಬಾವ ಅವರು ಎನಾ ಡಿ ಸಿಲ್ವ ಎಂಬ ಕಲಾವಿದೆಗಾಗಿ ೧೯೬೦–೬೨ರಲ್ಲಿ ಕಟ್ಟಿಸಿದ, ನಡುವೆ ಅಂಗಳವಿರುವ ಮನೆ ಸಿಂಹಳದ ಹೊಸ ವಾಸ್ತುಶಿಲ್ಪದ ಆರಂಭವೆಂದು ಪ್ರಸಿದ್ಧವಾಯಿತು. ಪೀರಿಸ್ ಅವರ ಮನೆ ಮುಗಿದು ಆಗಲೇ ಕೆಲವು ವರ್ಷಗಳಾಗಿದ್ದವು.

ಇಲ್ಲಿ ವಿಮರ್ಶಕನು ಎರಡು ಅತಿರೇಕಗಳಿಂದ ದೂರವಿರಬೇಕು. ಬಾವ ಎಲ್ಲವನ್ನೂ ಮಿನೆಟ್ ಅವರಿಂದ ಕದ್ದರೆಂಬುದು ಅನ್ಯಾಯದ ಮಾತು; ಅಂಗಳ ಯಾರೊಬ್ಬರ ಸ್ವತ್ತೂ ಅಲ್ಲ. ಕಟ್ಟಡದ ಪರಿಪೂರ್ಣತೆಯಲ್ಲಿ, ನೆರಳುಬೆಳಕುಗಳ ನಿರ್ವಹಣೆಯಲ್ಲಿ, ತೋಟ ಮನೆಗಳನ್ನು ಒಂದಾಗಿಸುವ ಕುಶಲತೆಯಲ್ಲಿ ಬಾವ ಅವರ ಕೈ ಮೇಲಾದದ್ದು. ಆದರೆ ಆರಂಭ ಅವರದೆಂಬುದು ಅಷ್ಟೇ ಅಸತ್ಯ. ಬೀಜ ಬಿತ್ತಿದವರು ಒಬ್ಬರು, ಫಸಲು ತೆಗೆದವರು ಇನ್ನೊಬ್ಬರು ಎಂಬುದು ಕಲೆಯ ಚರಿತ್ರೆಯಲ್ಲಿ ಹೊಸದಲ್ಲ. ಬಿತ್ತಿದವರ ಹೆಸರು ಬಿಟ್ಟುಹೋಗುವುದು ಮಾತ್ರ ಚರಿತ್ರಕಾರರ ತಪ್ಪು. ಇಬ್ಬರ ದಾರಿಗಳಲ್ಲಿ ಇನ್ನೊಂದು ಭೇದವೂ ಉಂಟು: ಬಾವ ಅವರ ಪ್ರತಿಭೆ ತೋಟದ ಮನೆ, ಹೋಟೆಲು, ಸಂಸತ್ ಭವನಗಳ ಕಡೆಗೆ ಹರಿಯಿತು, ವಟಪುಲುವದ ಪ್ರಶ್ನಾವಳಿಯನ್ನು ಕೈಗೆತ್ತಿಕೊಂಡು ಮುಂದುವರಿಸುವವರು ಬಹುಕಾಲ ಬರಲಿಲ್ಲ.

೧೯೭೩ರಲ್ಲಿ ಮಿನೆಟ್ ನಾಡನ್ನು ಬಿಟ್ಟು ಲಂಡನ್ನಿಗೆ ಹೋದರು. ವಾಸ್ತುಶಿಲ್ಪದ ವಿದ್ಯಾರ್ಥಿಗಳೆಲ್ಲ ಓದುವ ಬ್ಯಾನಿಸ್ಟರ್ ಫ್ಲೆಚರ್ ಅವರ ಇತಿಹಾಸಗ್ರಂಥದ ೧೯೭೫ರ ಆವೃತ್ತಿಗೆ ದಕ್ಷಿಣ ಏಷ್ಯದ ಭಾಗವನ್ನು ಬರೆದುಕೊಟ್ಟರು. ೧೯೭೫ರಿಂದ ೧೯೭೯ರವರೆಗೆ ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದಲ್ಲಿ ಏಷ್ಯದ ವಾಸ್ತುಶಿಲ್ಪದ ಇತಿಹಾಸವನ್ನು ಬೋಧಿಸಿದರು. ಹಿಂದಿರುಗಿದ ಮೇಲೆ ಅವರ ಕೈಯಿಂದ ಬಂದ ದೊಡ್ಡ ಕೃತಿ ಕ್ಯಾಂಡಿಯ ಕಲಾಸಂಘದ ಶತಮಾನೋತ್ಸವ ಸಂಸ್ಕೃತಿ ಕೇಂದ್ರ (೧೯೮೨–೮೪). ಅಲ್ಲಿ ಸಾಂಪ್ರದಾಯಿಕವಾದ ಮಾಡುಗಳಿಗೆ ಪ್ರಾಧಾನ್ಯ ದೊರೆತಿದೆ. ೧೯೫೦ರ ದಶಕದ ಮನೆಗಳಲ್ಲಿದ್ದ ಹೊಸತು ಹಳತುಗಳ ಸೆಣಸಾಟದ ಬಿಗಿ ಅದರಲ್ಲಿ ಇಲ್ಲ. ಶ್ರೀಲಂಕಾದ ವಾಸ್ತುಶಿಲ್ಪಿಗಳ ಸಂಸ್ಥೆ ಅವರಿಗೆ ಸ್ವರ್ಣಪದಕವನ್ನು ಕೊಟ್ಟದ್ದು ೧೯೯೬ರಲ್ಲಿ, ಮರಣಕ್ಕೆ ಎರಡು ವರ್ಷ ಮೊದಲು. ೧೯೯೮ರ ನವೆಂಬರಿನಲ್ಲಿ ಕ್ಯಾಂಡಿಯಲ್ಲಿ ಬಡತನದಲ್ಲೇ ಅವರ ಜೀವನ ಮುಗಿಯಿತು.

೮

ಅದೇ ವರ್ಷ ಅವರ ಆತ್ಮಕಥೆಯ ಮೊದಲ ಸಂಪುಟ ಹೊರಬಂದಿತು. ಅದನ್ನು ಅಚ್ಚಾದ ರೂಪದಲ್ಲಿ ನೋಡುವ ಭಾಗ್ಯ ಅವರಿಗಿರಲಿಲ್ಲ. ಎರಡನೆಯ ಸಂಪುಟ ಬರಲೇ ಇಲ್ಲ. ‘ಏಷ್ಯದ ಒಬ್ಬ ಮಹಿಳಾ ವಾಸ್ತುಶಿಲ್ಪಿಯ ಜೀವನ ಮತ್ತು ಕೃತಿ’ ಎಂಬುದು ಅದರ ಹೆಸರಿನ ಅರ್ಥ. ಪತ್ರಗಳು, ಛಾಯಾಚಿತ್ರಗಳು, ನಕ್ಷೆಗಳು, ವೃತ್ತಪತ್ರಿಕೆಯ ತುಣುಕುಗಳು, ನಡುನಡುವೆ ನಿರೂಪಣೆ ಹೀಗೆ ಮನೆಯ ಹಳೆಯ ಪೆಟ್ಟಿಗೆಯೊಂದನ್ನು ತೆರೆದಿಟ್ಟಂತಿದೆ ಗ್ರಂಥ. ಕ್ರಮಬದ್ಧವಾದ ಆತ್ಮಕಥೆಯನ್ನು ನಿರೀಕ್ಷಿಸುವವರಿಗೆ ನಿರಾಶೆಯಾಗುತ್ತದೆ. ಕಾಲಾನುಕ್ರಮ ಸಡಿಲ; ಖ್ಯಾತನಾಮರ ಹೆಸರುಗಳು ಬೇಕಾದುದಕ್ಕಿಂತ ಹೆಚ್ಚಾಗಿ ಬರುತ್ತವೆ; ತಮಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬ ಕೊರಗು ಅಲ್ಲಲ್ಲಿ ತಲೆಹಾಕುತ್ತದೆ. ಆದರೆ ಈ ದೋಷಗಳಿಗೆ ಒಂದು ಕಾರಣವಿದೆ. ಕಟ್ಟಡಗಳು ಉಳಿಯಲಾರವೆಂಬ ಅರಿವುಳ್ಳ ವ್ಯಕ್ತಿ ಸಾಕ್ಷ್ಯಗಳನ್ನು ಒಂದೆಡೆ ಕೂಡಿಟ್ಟ ಗ್ರಂಥವಿದು. ಇತರರು ಬರೆಯದ ಚರಿತ್ರೆಯನ್ನು ತಾವೇ ಬರೆದುಕೊಳ್ಳಬೇಕಾದವರ ಬರವಣಿಗೆಯಲ್ಲಿ ಸಂಯಮಕ್ಕಿಂತ ಅವಸರ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಆದರೂ ಒಂದು ವಿಷಾದ ಉಳಿಯುತ್ತದೆ. ಈಚಿನ ವರ್ಷಗಳಲ್ಲಿ ಅವರ ಹೆಸರು ಮತ್ತೆ ಕೇಳಿಬರುತ್ತಿದೆ. ಅವರನ್ನೂ ಲೆ ಕಾರ್ಬುಸಿಯೆ ಅವರನ್ನೂ ಪಾತ್ರಗಳನ್ನಾಗಿ ಮಾಡಿ ಶಿರೋಮಿ ಪಿಂಟೊ ೨೦೧೯ರಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದರು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ೨೦೨೨ರಲ್ಲಿ ದಕ್ಷಿಣ ಏಷ್ಯದ ವಾಸ್ತುಶಿಲ್ಪವನ್ನು ಕುರಿತು ನಡೆಸಿದ ಪ್ರದರ್ಶನದಲ್ಲಿ ಅವರಿಗೂ ಸ್ಥಾನ ದೊರೆಯಿತು. ಕಾದಂಬರಿಕಾರರ ಸ್ವಾತಂತ್ರ್ಯವನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಸಾಮಾನ್ಯ ಬರಹಗಳಲ್ಲಿ ಇಂದಿಗೂ ಅವರು ಮಹಾಪುರುಷರ ಪಕ್ಕದಲ್ಲಿ ನಿಂತ ಸೀರೆಯುಟ್ಟ ಸುಂದರಿಯಾಗಿಯೇ ಹೆಚ್ಚು ಕಾಣಿಸಿಕೊಳ್ಳುತ್ತಾರೆ. ಪಿಕಾಸೊ ಜೊತೆಗಿನ ಛಾಯಾಚಿತ್ರವನ್ನು ಅಚ್ಚುಹಾಕುವ ಪತ್ರಿಕೆಗಳೆಷ್ಟು, ವಟಪುಲುವದ ನಕ್ಷೆಯನ್ನು ಅಚ್ಚುಹಾಕುವ ಪತ್ರಿಕೆಗಳೆಷ್ಟು? ಮೊದಲು ಮರೆತರು, ಈಗ ನೆನೆಯುತ್ತಿರುವವರೂ ಕೆಲಸವನ್ನು ಬಿಟ್ಟು ಮುಖವನ್ನು ನೆನೆಯುತ್ತಿದ್ದಾರೆ. ಎರಡರಲ್ಲಿ ಯಾವುದು ಹೆಚ್ಚು ಅನ್ಯಾಯವೆಂದು ಹೇಳುವುದು ಕಷ್ಟ.

ಒಟ್ಟಿನ ಮೇಲೆ, ಮಿನೆಟ್ ಡಿ ಸಿಲ್ವ ಅವರು ಪರಿಪೂರ್ಣ ಕೃತಿಗಳ ಶಿಲ್ಪಿಯಲ್ಲ. ಅವರ ಮೊದಲ ಮನೆಯಲ್ಲಿ ಆಭರಣದ ಮೋಹವಿದೆ, ಕಡೆಯ ಕಟ್ಟಡದಲ್ಲಿ ದಣಿವಿದೆ. ಆದರೆ ಆ ಎರಡರ ನಡುವಣ ಹತ್ತು ವರ್ಷಗಳಲ್ಲಿ, ಹೊಸ ಸಾಮಗ್ರಿಯಿಂದ ಹಳೆಯ ಬಾಳಿನ ಕ್ರಮವನ್ನು ಕಟ್ಟಬಹುದೆಂದೂ, ಮನೆಯ ನಕ್ಷೆಗೆ ಮೊದಲ ಗೆರೆ ಎಳೆಯುವ ಮುನ್ನ ಅದರಲ್ಲಿ ಬಾಳುವವರನ್ನು ವಿಚಾರಿಸಬೇಕೆಂದೂ ಅವರು ತೋರಿಸಿಕೊಟ್ಟರು. ಮುಂಬಯಿಯಲ್ಲಿ ವೃತ್ತಿಯನ್ನು ಕಲಿತು, ಬೆಂಗಳೂರಿನಲ್ಲಿ ಬಿಸಿಲುಗಾಳಿಗಳ ಲೆಕ್ಕವನ್ನು ಕಲಿತು, ಲಂಡನ್ನಿನಲ್ಲಿ ಪದವಿ ಪಡೆದು, ಕ್ಯಾಂಡಿಯಲ್ಲಿ ಮನೆ ಕಟ್ಟಿದ ಅವರ ಬಾಳೇ ಒಂದು ವಾದ: ಪ್ರದೇಶವನ್ನು ಪ್ರೀತಿಸಲು ಅದರೊಳಗೇ ಹುದುಗಿರಬೇಕಾಗಿಲ್ಲ, ಹೊರಗೆ ಹೋಗಿ ಬಂದ ಕಣ್ಣಿಗೆ ತೊಟ್ಟಿಯ ಬೆಳಕು ಇನ್ನೂ ಚೆನ್ನಾಗಿ ಕಾಣುತ್ತದೆ. ಅವರು ಕಟ್ಟಿದ ಮನೆಗಳಲ್ಲಿ ಎಷ್ಟು ಉಳಿದರೂ, ಎಷ್ಟು ಅಳಿದರೂ, ಆ ವಾದವನ್ನು ಕೆಡವುವಂತಿಲ್ಲ.